ಸೋರುವ ಪೈಪ್ ರೀಲ್‌ಗೆ ಸರಿಯಾದ ಓ-ರಿಂಗ್ ಹುಡುಕಿದ ಬಗೆ

ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಳೆಯ ಮನೆ. ಹಿತ್ತಲಲ್ಲಿ ಮಾವು, ಚಿಕ್ಕು, ಕರಿಬೇವು, ಮಲ್ಲಿಗೆ ಬಳ್ಳಿ, ಬೇಲಿ ಉದ್ದಕ್ಕೂ ದಾಸವಾಳ. ಮನೆಯವರು ನಿವೃತ್ತ ಶಿಕ್ಷಕಿ. ಓಣಿಯವರೆಲ್ಲ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಗಿಡಗಳಿಗೆ ನೀರು ಹಾಕಲು ಅವರು ಆನ್‌ಲೈನ್‌ನಲ್ಲಿ ಒಂದು ಪೈಪ್ ರೀಲ್ ತರಿಸಿದ್ದರು. ಗೋಡೆಗೆ ಬಿಗಿದ ಪ್ಲಾಸ್ಟಿಕ್ ಡ್ರಮ್, ಅದಕ್ಕೆ ಸುತ್ತಿದ ಅರ್ಧ ಇಂಚಿನ ಪೈಪ್, ಬದಿಯಲ್ಲಿ ತಿರುಗಿಸುವ ಹಿಡಿಕೆ, ಪೈಪ್‌ನ ತುದಿಗೆ ಕೈಯಲ್ಲಿ ಒತ್ತುವ ಗನ್. ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ. ಭಾರದ ಪೈಪನ್ನು ಎಳೆದಾಡಿ ಸುರುಳಿ ಸುತ್ತುವ ಕೆಲಸ ಇಲ್ಲ.

ಆ ರೀಲ್ ಸೋರಲು ಶುರುವಾಯಿತು. ಮೊದಲು ಡ್ರಮ್‌ನ ಬದಿಯಲ್ಲಿ ಹನಿ, ಆಮೇಲೆ ಸಣ್ಣ ಧಾರೆ. ಗೋಡೆಯ ಬುಡದಲ್ಲಿ ಪಾಚಿ ಕಟ್ಟಿತು. ಮಾರಿದವರನ್ನು ಕೇಳಿದಾಗ ಬಿಡಿ ಭಾಗ ಸಿಗುವುದಿಲ್ಲ, ಹೊಸದೇ ತಗೊಳ್ಳಿ ಅಂತ ಉತ್ತರ ಬಂತು. ಕೆಲವು ಸಾವಿರ ರೂಪಾಯಿಯ ವಸ್ತು. ಡ್ರಮ್ ಗಟ್ಟಿ, ಪೈಪ್ ಗಟ್ಟಿ, ಹಿಡಿಕೆ ಗಟ್ಟಿ. ಕೆಟ್ಟಿದ್ದು ಒಳಗಿನ ಬೆರಳುಂಗುರದಷ್ಟು ರಬ್ಬರ್, ಅದೇ ಓ-ರಿಂಗ್. ಅದಕ್ಕಾಗಿ ಇಡೀ ರೀಲನ್ನು ಕಸಕ್ಕೆ ಹಾಕುವುದು ನನಗೆ ಒಪ್ಪುವ ಮಾತಲ್ಲ.

ಹುಬ್ಬಳ್ಳಿ ವಾಲ್ವ್ ತಯಾರಿಕೆಗೆ ಹೆಸರಾದ ಊರು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ನಾನು ಫಿಟ್ಟರ್ ಆಗಿ ಬಹಳ ಕಾಲ ಕೆಲಸ ಮಾಡಿದವನು. ನೀರನ್ನು ತಡೆಯುವ ರಬ್ಬರ್ ಉಂಗುರಗಳ ಜೊತೆಗೇ ದುಡಿದವನು ಅನ್ನಬಹುದು. ಹಾಗಾಗಿ ಅಕ್ಕೋರು ಕರೆದಾಗ ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಜೇಬಿಗೆ ಹಾಕಿಕೊಂಡು ಹೋದೆ. ಆ ರೀಲ್‌ಗೆ ತಕ್ಕ ಸೀಲ್ ಹೇಗೆ ಸಿಕ್ಕಿತು ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ಬೇರೆ ಮನೆಯ ರೀಲ್‌ನ ಅಳತೆ ಬೇರೆ ಇರುತ್ತದೆ, ಆದರೆ ಹುಡುಕುವ ದಾರಿ ಇದೇ.

ಎಷ್ಟು ಸೋರುತ್ತಿತ್ತು

ಹನಿ ನೀರು ತಾನೇ ಅಂತ ಸುಮ್ನೆ ಬಿಡುವವರು ಜಾಸ್ತಿ. ಅದಕ್ಕೇ ಮೊದಲು ಅಳೆದೆ. ಪಂಪ್ ಹಚ್ಚಿ, ಗನ್ ಮುಚ್ಚಿ, ಸೋರುವ ಕಡೆ ಲೋಟ ಹಿಡಿದೆ. 200 ಮಿಲಿಲೀಟರ್‌ನ ಲೋಟ ಒಂದು ನಿಮಿಷಕ್ಕೆ ತುಂಬಿತು. ಅಂದರೆ ಗಂಟೆಗೆ 12 ಲೀಟರ್. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ಬರಬೇಕು. ಎಷ್ಟೋ ಓಣಿಗಳಲ್ಲಿ ನಳದ ನೀರಿಗೆ ದಿನಗಟ್ಟಲೆ ಕಾದ ನೆನಪು ಎಲ್ಲರಿಗೂ ಇದೆ. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ದುಡ್ಡು ಕೊಟ್ಟವರಿಗೆ 12 ಲೀಟರ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯವೂ ಆಗಲೇ ಗೊತ್ತಾಯಿತು. ಮಾಳಿಗೆಯ ಮೇಲಿನ ಟ್ಯಾಂಕಿನಿಂದ ನೀರು ಬಿಟ್ಟಾಗ ಸೋರಿಕೆ ಬರೀ ಹನಿಹನಿ. ಸಂಪಿನ ಪಂಪ್ ಹಚ್ಚಿದರೆ ಧಾರೆ. ಇದಕ್ಕೆ ಕಾರಣ ಒತ್ತಡ. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಅಕ್ಕೋರ ಮನೆಯ ಟ್ಯಾಂಕ್ ಹಿತ್ತಲ ನಳಕ್ಕಿಂತ ಸುಮಾರು 6 ಮೀಟರ್ ಮೇಲಿದೆ, ಅಂದರೆ 0.6 ಬಾರ್. ಪಂಪ್ ಅದರ ಮೂರು-ನಾಲ್ಕು ಪಟ್ಟು ಕೊಡುತ್ತದೆ. ಹಾಗಾಗಿ ಟ್ಯಾಂಕಿನ ನೀರಲ್ಲಿ ಸೋರಲಿಲ್ಲ ಅಂದ ಮಾತ್ರಕ್ಕೆ ರಿಪೇರಿ ಆಯಿತು ಅಂತ ಒಪ್ಪಿಕೊಳ್ಳುವ ಹಾಗಿಲ್ಲ. ಪಂಪ್ ಹಚ್ಚಿ, ಗನ್ ಮುಚ್ಚಿ ನೋಡಬೇಕು. ಗನ್ ತೆರೆದಿದ್ದರೆ ನೀರು ಹೊರಗೆ ಓಡುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಸೋರಿಕೆ ಅಡಗಿಬಿಡುತ್ತದೆ.

ಸೋರುವ ಜಾಗ

ಇಂಥ ರೀಲ್‌ನಲ್ಲಿ ನೀರು ಸೋರಬಹುದಾದ ಕಡೆ ಮೂರು. ನಳಕ್ಕೆ ಸೇರುವ ಜೋಡಣೆ ಒಂದು. ನಿಂತ ಪೈಪ್ ತಿರುಗುವ ಡ್ರಮ್ಮಿಗೆ ಸೇರುವ ತಿರುಗುಕೀಲು ಎರಡು. ಡ್ರಮ್‌ನ ಒಳಗೆ ಉದ್ದನೆಯ ಪೈಪ್ ಕ್ಲಿಪ್‌ನಿಂದ ಬಿಗಿದಿರುವ ಜಾಗ ಮೂರು. ನೀರು ಮಾತ್ರ ಸೋರಿದ ಕಡೆಯೇ ಕೆಳಗೆ ಬೀಳುವುದಿಲ್ಲ. ಪ್ಲಾಸ್ಟಿಕ್ ಮೈ ಹಿಡಿದು ಹರಿದು, ತಗ್ಗು ಸಿಕ್ಕ ಕಡೆ ತೊಟ್ಟಿಕ್ಕುತ್ತದೆ. ನೋಡಿದವರು ಆ ತಗ್ಗನ್ನೇ ದೂರುತ್ತಾರೆ.

ಇದಕ್ಕೆ ಸುಲಭದ ಉಪಾಯ ಇದೆ. ಎಲ್ಲಾ ಜೋಡಣೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಆಮೇಲೆ ಸೀಮೆಸುಣ್ಣ ತಿಕ್ಕಬೇಕು. ಅಕ್ಕೋರ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವಿಲ್ಲ. ಒಂದು ತುಂಡು ಕೊಟ್ಟು, "ಎಲ್ಲಾ ಕಡೆ ಬಳಿರಿ, ತೊಯ್ದಲ್ಲಿ ತಾನ ಕರ್ರಗ ಆಗ್ತದ" ಅಂದರು. ನಾನು ಹೇಳಬೇಕಾದ ಮಾತನ್ನು ಅವರೇ ಹೇಳಿದ್ದರು. ಪಂಪ್ ಹಚ್ಚಿದ ಕೂಡಲೇ ತಿರುಗುಕೀಲಿನ ಸಂದಿಯಲ್ಲಿ ಮೊದಲು ಒದ್ದೆ ಗೆರೆ ಕಾಣಿಸಿತು. ನಳದ ಕಡೆ ಒಣಗೇ ಇತ್ತು. ಡ್ರಮ್ ಒಳಗಿನ ಕ್ಲಿಪ್ ಕೂಡ ಒಣ. ಹಿಡಿಕೆ ತಿರುಗಿಸಿದಾಗ ಸೋರಿಕೆ ಏರಿತು, ಇಳಿಯಿತು, ಮತ್ತೆ ಏರಿತು. ಒಂದು ಸುತ್ತಿನಲ್ಲಿ ಹೀಗೆ ಹೆಚ್ಚುಕಮ್ಮಿ ಆದರೆ ಉಂಗುರ ಒಂದು ಕಡೆ ಸವೆದಿದೆ ಅಥವಾ ಕೊಯ್ದಿದೆ ಅಂತ ಅರ್ಥ.

ನಳದ ಕಡೆ ಸೋರುವ ಮನೆಯವರಿಗೆ ಒಂದು ಮಾತು. ನಮ್ಮಲ್ಲಿ ನಳದ ಚೂಡಿ, ಅಂದರೆ ತಿರುಪಿನ ಸುತ್ತು, ಬಿಎಸ್‌ಪಿ ಅನ್ನುವ ಬ್ರಿಟಿಷ್ ಅಳತೆಯದ್ದು. ಮುಕ್ಕಾಲು ಇಂಚಿನದ್ದರ ಹೊರ ಅಳತೆ ಸುಮಾರು 26.4 ಮಿ.ಮೀ, ಒಂದು ಇಂಚಿಗೆ 14 ಸುತ್ತು. ಅಮೆರಿಕದ ತೋಟದ ಪೈಪ್‌ನ ಚೂಡಿ ಸುಮಾರು 27 ಮಿ.ಮೀ, ಇಂಚಿಗೆ ಹನ್ನೊಂದೂವರೆ ಸುತ್ತು. ಕಣ್ಣಿಗೆ ಎರಡೂ ಒಂದೇ. ಮೊದಲ ಒಂದೆರಡು ಸುತ್ತು ಹತ್ತುತ್ತದೆ, ಆಮೇಲೆ ಕಚ್ಚಿ ನಿಲ್ಲುತ್ತದೆ. ಹೊರದೇಶದ ರೀಲ್ ತರಿಸಿಕೊಂಡವರು ಇಲ್ಲಿ ಎಷ್ಟು ವಾಷರ್ ಬದಲಿಸಿದರೂ ನೀರು ನಿಲ್ಲುವುದಿಲ್ಲ. ಅಡಾಪ್ಟರ್ ಬೇಕು. ಅಕ್ಕೋರ ರೀಲ್‌ನಲ್ಲಿ ಆ ತೊಂದರೆ ಇರಲಿಲ್ಲ.

ಅಲ್ಲಿಯವರೆಗೆ ಆಗಿದ್ದ ಪ್ರಯತ್ನ

ನಾನು ಹೋಗುವ ಮೊದಲೇ ಆ ರೀಲ್‌ಗೆ ಸಾಕಷ್ಟು ಚಿಕಿತ್ಸೆ ಆಗಿತ್ತು. ಓಣಿಯ ಪ್ಲಂಬರ್ ಬಂದು ನಳದ ಕಡೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿದಿದ್ದ. ಸೋರುತ್ತಿದ್ದದ್ದು ಅಲ್ಲಲ್ಲ, ಹಾಗಾಗಿ ಏನೂ ಆಗಲಿಲ್ಲ. ಆಮೇಲೆ ತಿರುಗುಕೀಲನ್ನು ಬಿಚ್ಚಿ, ಹಳೆಯ ಉಂಗುರದ ಮೇಲೆಯೇ ಟೇಪ್ ಸುತ್ತಿ ಹಾಕಿದ. ಒಂದು ದಿನ ನಿಂತಿತು. ತಿರುಗಿ ತಿರುಗಿ ಟೇಪ್ ಚಿಂದಿಯಾಗಿ, ಆ ಚಿಂದಿ ನೀರಿನ ಜೊತೆ ಹೋಗಿ ಗನ್‌ನ ತೂತಿಗೆ ಸಿಕ್ಕಿಕೊಂಡಿತು. ಟೆಫ್ಲಾನ್ ಟೇಪ್ ಇರುವುದು ಚೂಡಿಗೆ. ತಿರುಗುವ ಜಾಗಕ್ಕೆ ಅದು ಸಲ್ಲದು.

ಮೂರನೆಯ ಸಲ ಅವನು ಹಳೆಯ ಉಂಗುರ ಹಿಡಿದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದ. ಪಕ್ಕದಲ್ಲಿಟ್ಟು ನೋಡಿ, ಹೋಲುವ ಒಂದನ್ನು ತಂದ. 14 ಮಿ.ಮೀ ಒಳ ಅಳತೆ, 2 ಮಿ.ಮೀ ದಪ್ಪ. ಕೈಗೆ ಸಲೀಸಾಗಿ ಕೂತಿತು, ಹಿಡಿಕೆ ಹಗುರವಾಗಿ ತಿರುಗಿತು. ನೀರು ಮಾತ್ರ ಮೊದಲಿಗಿಂತ ಜಾಸ್ತಿ ಬಂತು.

ಆಮೇಲೆ ಅಕ್ಕೋರ ಮೊಮ್ಮಗ ನಾನಾ ಅಳತೆಯ ಉಂಗುರಗಳಿರುವ ಒಂದು ಡಬ್ಬಿ ತರಿಸಿದ. ಅದರಲ್ಲಿ ಇಂಚಿನ ಲೆಕ್ಕದ ಒಂದು ಉಂಗುರ ಹೊಂದುವ ಹಾಗೆ ಕಂಡಿತು. 13.94 ಒಳ ಅಳತೆ, 2.62 ದಪ್ಪ. ಒತ್ತಿ ತುಂಬಿದ. ಸೋರಿಕೆ ನಿಂತಿತು. ಆದರೆ ಹಿಡಿಕೆ ಕಲ್ಲಿನಷ್ಟು ಬಿಗಿಯಾಯಿತು. "ಎರಡೂ ಕೈ ಹಚ್ಚಿದ್ರೂ ತಿರಗವಲ್ತು ನೋಡ್ರಿ" ಅಂತ ಅಕ್ಕೋರು ಹೇಳಿದರು. ಕೆಲವೇ ದಿನದಲ್ಲಿ ಆ ಉಂಗುರ ಒಳಗೇ ಹುರಿಗೊಂಡು ಹರಿಯಿತು, ಮತ್ತೆ ಧಾರೆ.

ಪ್ಲಂಬರ್‌ನದ್ದಾಗಲಿ ಹುಡುಗನದ್ದಾಗಲಿ ತಪ್ಪು ಅಂತ ನಾನು ಹೇಳುವುದಿಲ್ಲ. ಇಬ್ಬರೂ ಎಲ್ಲರೂ ಮಾಡುವುದನ್ನೇ ಮಾಡಿದರು. ಹಳೆಯದನ್ನು ನೋಡಿ ಹೊಸದನ್ನು ಹುಡುಕಿದರು. ಆದರೆ ಸೀಲ್ ವಿಷಯದಲ್ಲಿ ಹಳೆಯದು ಸುಳ್ಳು ಸಾಕ್ಷಿ. ವರ್ಷಗಟ್ಟಲೆ ಒತ್ತಿಸಿಕೊಂಡ ರಬ್ಬರ್ ಚಪ್ಪಟೆಯಾಗಿ ಹಾಗೇ ಉಳಿದುಬಿಡುತ್ತದೆ. ಅಕ್ಕೋರು ಎತ್ತಿಟ್ಟಿದ್ದ ಮೂಲ ಉಂಗುರವನ್ನು ನಾನು ಅಳೆದೆ. ಒಂದು ದಿಕ್ಕಿನಲ್ಲಿ 2.05 ಮಿ.ಮೀ, ಇನ್ನೊಂದು ದಿಕ್ಕಿನಲ್ಲಿ 2.5. ಹೊಸದಿದ್ದಾಗ ದುಂಡಗಿದ್ದ ದಪ್ಪ ಈಗ ಎರಡು ಅಳತೆ ತೋರಿಸುತ್ತಿತ್ತು. ಒಳ ಅಳತೆಯೂ ಹಿಗ್ಗಿತ್ತು. ಪ್ಲಂಬರ್ 2 ಮಿ.ಮೀ ತಂದದ್ದು ಇದೇ ಕಾರಣಕ್ಕೆ. ಅವನ ಕಣ್ಣು ಸರಿಯಾಗಿಯೇ ಇತ್ತು, ಉಂಗುರ ಬದಲಾಗಿತ್ತು.

ಅಳತೆ

ರಬ್ಬರ್ ಸವೆದರೂ ಅದು ಕೂತಿದ್ದ ಜಾಗ ಅಷ್ಟು ಬೇಗ ಬದಲಾಗುವುದಿಲ್ಲ. ಆದ್ದರಿಂದ ಆ ಜಾಗವನ್ನೇ ಅಳೆಯಬೇಕು. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ.

ತಿರುಗುಕೀಲು ಹೀಗಿತ್ತು. ನೀರು ಬರುವ ಮೊಣಕೈ ಆಕಾರದ ಭಾಗದ ತುದಿಯಲ್ಲಿ ಒಂದು ನಳಿಕೆ. ನಳಿಕೆಯ ಮೈಮೇಲೆ ಎರಡು ಗ್ರೂವ್, ಅಂದರೆ ಸುತ್ತಲೂ ಕೊರೆದ ಸಣ್ಣ ಕಾಲುವೆ, ಒಂದೊಂದರಲ್ಲಿ ಒಂದು ಓ-ರಿಂಗ್. ಇದು ಡ್ರಮ್ ನಡುವಿನ ದುಂಡು ತೂತಿನ, ಅಂದರೆ ಬೋರ್ ಒಳಗೆ ಹೋಗಿ ಕೂರುತ್ತದೆ. ಹೊರಗೆ ಜಾರಿ ಬರದಂತೆ ಯು ಆಕಾರದ ಲಾಕ್. ನಳಿಕೆ ನಿಂತಿರುತ್ತದೆ, ಬೋರ್ ಅದರ ಸುತ್ತ ತಿರುಗುತ್ತದೆ.

ಬಿಚ್ಚುವ ಮುಂಚೆ ನಳ ಬಂದ್ ಮಾಡಿ, ಗನ್ ಒತ್ತಿ ಒಳಗಿನ ಒತ್ತಡ ಬಿಡಬೇಕು. ಇಲ್ಲದಿದ್ದರೆ ಲಾಕ್ ಎಳೆದ ಕೂಡಲೇ ನಳಿಕೆ ಹಾರಿ ಮುಖಕ್ಕೆ ಬಡಿಯಬಹುದು.

ಅಳೆಯಬೇಕಾದದ್ದು ಮೂರೇ. ಗ್ರೂವ್‌ನ ತಳದಲ್ಲಿ ನಳಿಕೆಯ ದಪ್ಪ, ಬೋರ್‌ನ ಒಳ ಅಳತೆ, ಗ್ರೂವ್‌ನ ಅಗಲ. ವರ್ನಿಯರ್‌ನ ತೆಳು ತುದಿ ಗ್ರೂವ್ ಒಳಗೆ ಹೋಗುತ್ತದೆ. ಒಂದೇ ಕಡೆ ನೋಡಿ ಬರೆದುಕೊಳ್ಳಬಾರದು, ನಳಿಕೆ ತಿರುಗಿಸಿ ನಾಲ್ಕಾರು ಕಡೆ ನೋಡಬೇಕು. ಪ್ಲಾಸ್ಟಿಕ್ ಎಷ್ಟೋ ಸಲ ಪೂರ್ತಿ ದುಂಡಗಿರುವುದಿಲ್ಲ. ಗ್ರೂವ್‌ನ ಅಗಲಕ್ಕೆ ವರ್ನಿಯರ್ ಕಷ್ಟವಾದರೆ ಡ್ರಿಲ್ ಬಿಟ್‌ನ ಹಿಂಬದಿ ಇಟ್ಟು ನೋಡಬಹುದು. ಇಲ್ಲಿ 3 ಮಿ.ಮೀ ಬಿಟ್ ಸಡಿಲವಾಗಿ ಹೋಯಿತು, ಮೂರೂವರೆಯದ್ದು ಹೋಗಲಿಲ್ಲ. ಅಗ್ಗದ ಪ್ಲಾಸ್ಟಿಕ್ ವರ್ನಿಯರ್ ಕೂಡ ಈ ಕೆಲಸಕ್ಕೆ ಸಾಕು. ಸ್ಕೇಲ್ ಮಾತ್ರ ಸಾಲದು. ಇಲ್ಲಿ ಮಿಲಿಮೀಟರ್‌ನ ಹತ್ತನೇ ಒಂದು ಪಾಲಿಗೂ ಬೆಲೆ ಇದೆ.

ಸಿಕ್ಕ ಅಳತೆ ಇದು. ಗ್ರೂವ್ ತಳ 14.0 ಮಿ.ಮೀ. ಬೋರ್ 18.0. ಗ್ರೂವ್ ಅಗಲ 3.2. ಹದಿನೆಂಟರಲ್ಲಿ ಹದಿನಾಲ್ಕು ಕಳೆದರೆ ನಾಲ್ಕು. ಅದು ಎರಡೂ ಬದಿಗೆ ಹಂಚಿಹೋಗುತ್ತದೆ. ಅಂದರೆ ಉಂಗುರಕ್ಕೆ ಸಿಗುವ ಜಾಗದ ಎತ್ತರ 2.0 ಮಿ.ಮೀ.

ಈಗ ಹಿಂದಿನ ಎರಡೂ ಪ್ರಯತ್ನ ಯಾಕೆ ಸೋತವು ಅಂತ ಕಾಣುತ್ತದೆ. ಓ-ರಿಂಗ್ ನೀರು ತಡೆಯುವುದು ಒತ್ತಿಸಿಕೊಂಡು. ಅದು ತನಗೆ ಸಿಗುವ ಜಾಗಕ್ಕಿಂತ ಸ್ವಲ್ಪ ದಪ್ಪ ಇರಬೇಕು. ಆಗ ತಳಕ್ಕೂ ಗೋಡೆಗೂ ಒತ್ತಿ ಕೂರುತ್ತದೆ. ನೀರಿನ ಒತ್ತಡ ಬಂದಾಗ ಗ್ರೂವ್‌ನ ಒಂದು ಬದಿಗೆ ಸರಿದು ಇನ್ನೂ ಬಿಗಿಯಾಗುತ್ತದೆ. 2 ಮಿ.ಮೀ ಜಾಗದಲ್ಲಿ 2 ಮಿ.ಮೀ ಉಂಗುರ ಇಟ್ಟರೆ ಒತ್ತುವಿಕೆ ಸೊನ್ನೆ. ನೀರಿಗೆ ಬಾಗಿಲು ತೆರೆದೇ ಇರುತ್ತದೆ. 2.62ರ ಉಂಗುರ ಇಟ್ಟರೆ 0.62 ಮಿ.ಮೀ ಒತ್ತಬೇಕು, ಅದರ ದಪ್ಪದ ಸುಮಾರು ಶೇಕಡಾ 24. ಅಲುಗಾಡದ ಜೋಡಣೆಯಲ್ಲಿ ಇಷ್ಟು ನಡೆಯುತ್ತದೆ. ತಿರುಗುವ ಕಡೆ ಶೇಕಡಾ 10ರಿಂದ 20ರ ಒಳಗಿದ್ದರೆ ಒಳ್ಳೆಯದು. ಅದನ್ನು ದಾಟಿದರೆ ಉಜ್ಜಾಟ ಹೆಚ್ಚಾಗಿ, ಉಂಗುರ ಜಾರುವ ಬದಲು ಉರುಳಿ ಹುರಿಗೊಳ್ಳುತ್ತದೆ. ಮೊಮ್ಮಗ ಹಾಕಿದ ಉಂಗುರ ಹೀಗೇ ಹರಿದದ್ದು.

ನಡುವೆ ಒಂದು ಅಳತೆ ಇರಬೇಕಲ್ವಾ? ಇದೆ. 2.4 ಮಿ.ಮೀ. ಒತ್ತುವಿಕೆ 0.4, ಸುಮಾರು ಶೇಕಡಾ 17.

ಓ-ರಿಂಗ್‌ಗೆ ದೇಶದೇಶದ ಅಳತೆ ಪಟ್ಟಿಗಳಿವೆ. ಅಮೆರಿಕದ ಎಎಸ್ 568 ಪಟ್ಟಿಯಲ್ಲಿ ದಪ್ಪ 1.78, 2.62, 3.53 ಹೀಗೆ ಹೋಗುತ್ತದೆ. ಜಪಾನಿನ ಜೆಐಎಸ್ ಬಿ 2401 ಪಟ್ಟಿಯ ಪಿ ಸಾಲಿನಲ್ಲಿ 1.9, 2.4, 3.5 ಇವೆ. ಸಾದಾ ಮಿಲಿಮೀಟರ್ ಲೆಕ್ಕದ್ದರಲ್ಲಿ 1.5, 2, 2.5, 3 ಸಿಗುತ್ತವೆ. ಜಪಾನಿನ ಪಟ್ಟಿಯಲ್ಲಿ ಪಿ 14 ಅನ್ನುವ ಉಂಗುರ 13.8 ಒಳ ಅಳತೆ, 2.4 ದಪ್ಪ. ಅದಕ್ಕೆಂದೇ ಹೇಳಿರುವ ಗ್ರೂವ್ ತಳ 14, ಬೋರ್ 18, ಅಗಲ 3.2. ನಮ್ಮ ಮೂರೂ ಅಳತೆ ಅದರ ಜೊತೆ ಹಾಗೇ ಕೂತವು. ರೀಲ್ ಎಲ್ಲೇ ತಯಾರಾಗಿರಲಿ, ಅದರ ನಕ್ಷೆ ಬರೆದವರ ಮುಂದೆ ಈ ಪಟ್ಟಿ ಇತ್ತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಒಳ ಅಳತೆ 13.8 ಇದ್ದು ತಳ 14 ಇರುವುದರಿಂದ ಉಂಗುರ ಒಂದಿಷ್ಟು ಹಿಗ್ಗಿ ಬಿಗಿಯಾಗಿ ಕೂರುತ್ತದೆ. ಇಲ್ಲಿ ಹಿಗ್ಗುವುದು ಶೇಕಡಾ ಒಂದೂವರೆಯೂ ಅಲ್ಲ. ಶೇಕಡಾ 5 ದಾಟಿದರೆ ರಬ್ಬರ್ ತೆಳುವಾಗಿ ಬೇಗ ಬಿರುಕು ಬಿಡುತ್ತದೆ.

ಅಂಗಡಿಯಲ್ಲಿ ಕೇಳುವಾಗ ಒಳ ಅಳತೆ ಮತ್ತು ದಪ್ಪ ಎರಡನ್ನೂ ಹೇಳಬೇಕು. "ಅರ್ಧ ಇಂಚಿಂದು ಕೊಡ್ರಿ" ಅಂದರೆ ಅವರು ಪೈಪ್‌ನ ಲೆಕ್ಕ ಹಿಡಿಯುತ್ತಾರೆ. ಬರೀ "ಹದಿನೆಂಟು" ಅಂದರೆ ಒಳಗಿನದೋ ಹೊರಗಿನದೋ ಗೊತ್ತಾಗುವುದಿಲ್ಲ.

ಎಲ್ಲಿ ಸಿಕ್ಕಿತು

ಪ್ಲಂಬಿಂಗ್ ಸಾಮಾನಿನ ಅಂಗಡಿಗಳಲ್ಲಿ ಪಿ 14 ಸಿಗಲಿಲ್ಲ. ಅಲ್ಲಿ ಇರುವುದು ನಳದ ವಾಷರ್, ಕುಕ್ಕರ್ ರಿಂಗ್, ಫಿಲ್ಟರ್‌ನ ದಪ್ಪ ಉಂಗುರಗಳು. ಆದರೆ ಜಪಾನಿನ ಅಳತೆ ಅಂತ ಗೊತ್ತಾದ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದೂ ಗೊತ್ತಾಯಿತು. ಮಣ್ಣು ಅಗೆಯುವ ಯಂತ್ರಗಳ ಸೀಲ್ ಮಾರುವ ಕಡೆ. ಧಾರವಾಡದ ಮಗ್ಗುಲಲ್ಲೇ ಟಾಟಾ ಹಿಟಾಚಿಯ ಎಕ್ಸ್‌ಕವೇಟರ್ ಕಾರ್ಖಾನೆ ಇದೆ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ಸಾಲುಸಾಲು ವರ್ಕ್‌ಶಾಪ್‌ಗಳಿವೆ. ಇಂಥ ಊರಿನಲ್ಲಿ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರಗಳ ಸೀಲ್ ಮಾರುವವರು ಇರಲೇಬೇಕು. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ.

ಗೋಕುಲ ರಸ್ತೆ ಕಡೆಯ ಒಂದು ಸಣ್ಣ ಅಂಗಡಿ. ಗೋಡೆ ತುಂಬ ಮೊಳೆ, ಮೊಳೆ ತುಂಬ ಉಂಗುರ. ಅಂಗಡಿಯವರು ನನ್ನ ಕೈಯಲ್ಲಿದ್ದ ನಳಿಕೆ ನೋಡಿ, "ಇದು ಯಾವ ಗಾಡೀದ್ರಿ?" ಅಂದರು.

"ಗಾಡೀದಲ್ರೀ, ಹಿತ್ತಲಕ್ಕ ನೀರ್ ಹಾಕೋ ರೀಲಿಂದು."

"ಅಳತಿ ಐತೇನ್ರಿ?"

"ಐತ್ರಿ. ಗ್ರೂವ್ ಹದಿನಾಕು, ಬೋರ್ ಹದಿನೆಂಟು, ಅಗಲ ಮೂರು ಪಾಯಿಂಟ್ ಎರಡು."

ಅವರು ಪಟ್ಟಿ ಕೂಡ ನೋಡಲಿಲ್ಲ. "ಪಿ ಹದಿನಾಕು ಬರ್ತದ್ರಿ. ಎಪ್ಪತ್ತರದ್ ಬೇಕೋ, ತೊಂಬತ್ತರದ್ ಬೇಕೋ?" ಅಂತ ಕೇಳಿದರು.

ಆ ಪ್ರಶ್ನೆ ಕೇಳಿ ನನಗೆ ಬಹಳ ಸಂತೋಷವಾಯಿತು. ತನ್ನ ಕೆಲಸ ಬಲ್ಲವರು ಮಾತ್ರ ಹಾಗೆ ಕೇಳುತ್ತಾರೆ. ಎಪ್ಪತ್ತು, ತೊಂಬತ್ತು ಅನ್ನುವುದು ರಬ್ಬರ್‌ನ ಗಡಸುತನ, ಶೋರ್ ಎ ಅಳತೆಯಲ್ಲಿ. ಎಕ್ಸ್‌ಕವೇಟರ್‌ನಂಥ ಯಂತ್ರದಲ್ಲಿ ಒತ್ತಡ ನೂರಾರು ಬಾರ್. ಮೆತ್ತಗಿನ ಉಂಗುರ ಅಲ್ಲಿ ಸಂದಿಯೊಳಗೆ ಹಿಂಡಿಹೋಗಬಹುದು, ಅದಕ್ಕೆ ತೊಂಬತ್ತರದ್ದು. ನಮ್ಮ ರೀಲ್‌ನಲ್ಲಿ ಎರಡು-ಮೂರು ಬಾರ್. ತೊಂಬತ್ತರದ್ದು ಹಾಕಿದರೆ ಹಿಡಿಕೆ ಮತ್ತೆ ಬಿಗಿ, ಪ್ಲಾಸ್ಟಿಕ್ ಗೋಡೆಗೆ ಸರಿಯಾಗಿ ಅಂಟಿಕೊಳ್ಳುವುದೂ ಕಷ್ಟ. ಎಪ್ಪತ್ತರದ್ದನ್ನೇ ತಗೊಂಡೆ. ಒಂದಕ್ಕೆ ಹತ್ತು ರೂಪಾಯಿಯೂ ಆಗಲಿಲ್ಲ. ಎರಡು ಗ್ರೂವ್‌ಗೆ ಎರಡು, ಎತ್ತಿಡಲು ಇನ್ನೆರಡು.

ಯಾವ ರಬ್ಬರ್

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಯಿತು. ಹೈಡ್ರಾಲಿಕ್ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ನೈಟ್ರೈಲ್. ಎಣ್ಣೆಗೆ ಹೇಳಿ ಮಾಡಿಸಿದ ರಬ್ಬರ್. ತಣ್ಣೀರಿಗೂ ಆಗುತ್ತದೆ. ಆದರೆ ಬಿಸಿಲಿಗೂ ಗಾಳಿಯ ಓಝೋನ್‌ಗೂ ತಡೆಯುವುದಿಲ್ಲ, ಬಿರುಕು ಬಿಡುತ್ತದೆ. ನೀರಿಗೆ, ಬಿಸಿಲಿಗೆ, ಹೊರಗಿನ ಗಾಳಿಗೆ ಒಳ್ಳೆಯದು ಇಪಿಡಿಎಂ ಅನ್ನುವ ಇನ್ನೊಂದು ರಬ್ಬರ್. ಅದರ ದೌರ್ಬಲ್ಯ ಎಣ್ಣೆ. ಪೆಟ್ರೋಲಿಯಂ ಗ್ರೀಸ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಎರಡೂ ಕಪ್ಪು, ನೋಡಿ ಹೇಳಲು ಆಗುವುದಿಲ್ಲ. ಡಬ್ಬಿಗಳಲ್ಲಿ ಬರುವ ಕೆಂಪು ಸಿಲಿಕೋನ್ ಉಂಗುರ ಬಿಸಿಗೆ ಚೆನ್ನಾಗಿ ತಡೆಯುತ್ತದೆ, ಆದರೆ ಉಜ್ಜಾಟಕ್ಕೆ ಬೇಗ ಹರಿಯುತ್ತದೆ. ತಿರುಗುವ ಕಡೆ ಅದನ್ನು ಹಾಕಬಾರದು.

ಪಿ 14 ಅಳತೆಯ ಇಪಿಡಿಎಂ ಬೇಕಾದರೆ ತರಿಸಿಕೊಡುತ್ತೇವೆ ಅಂದರು. ನಾನು ನೈಟ್ರೈಲ್ ಸಾಕು ಅಂದೆ. ತಿರುಗುಕೀಲಿನ ಒಳಗೆ ಬಿಸಿಲು ಹೋಗುವುದಿಲ್ಲ. ಉಂಗುರ ಕತ್ತಲೆಯಲ್ಲಿ, ತಣ್ಣೀರಿನಲ್ಲಿ ಇರುತ್ತದೆ. ಕೂಡಲೇ ಸಿಗುವ ಸರಿಯಾದ ಅಳತೆಯ ನೈಟ್ರೈಲ್, ಮುಂದೆಂದೋ ಬರುವ ಇಪಿಡಿಎಂಗಿಂತ ಮೇಲು. ಅಳತೆ ತಪ್ಪಿದ ಇಪಿಡಿಎಂ ಅಂತೂ ಯಾವ ಕೆಲಸಕ್ಕೂ ಇಲ್ಲ. ನಳದ ಕಡೆಯ ಚಪ್ಪಟೆ ವಾಷರ್ ಮಾತ್ರ ಬಿಸಿಲಿಗೆ ತೆರೆದಿರುತ್ತದೆ. ಅದಕ್ಕೆ ಇಪಿಡಿಎಂ ಕೇಳಿ ತಗೊಂಡೆ.

ಗ್ರೀಸ್ ವಿಷಯ. ಸ್ಕೂಟರ್‌ಗೆ ಹಚ್ಚುವ ಗ್ರೀಸ್ ಬೇಡ. ಅಕ್ಕೋರ ಗಿಡಗಳಲ್ಲಿ ಕರಿಬೇವೂ ಇದೆ, ಅದು ಅಡುಗೆಮನೆಗೆ ಹೋಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕಲ್ಲ ಅಂತ ಕೇಳುವವರಿದ್ದಾರೆ. ಅದು ನೀರಿನಲ್ಲಿ ಉಳಿಯುವುದಿಲ್ಲ, ಧಾರವಾಡದ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಇದಕ್ಕೆ ಬೇಕಾದದ್ದು ಸಿಲಿಕೋನ್ ಗ್ರೀಸ್. ನೀರಿನಲ್ಲಿ ತೊಳೆದುಹೋಗುವುದಿಲ್ಲ, ನೈಟ್ರೈಲ್, ಇಪಿಡಿಎಂ ಎರಡಕ್ಕೂ ಆಗುತ್ತದೆ. ಆಹಾರಕ್ಕೆ ತಾಗಿದರೂ ನಡೆಯುವ ಬಗೆಯದು ಸಿಗುತ್ತದೆ, ಅದನ್ನೇ ತಗೊಳ್ಳಬೇಕು.

ಹೊಸ ಉಂಗುರ ಕೂರಿಸಿದ್ದು

ಕೂರಿಸುವ ಮುಂಚೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಮೂಲ ಉಂಗುರ ಸವೆದಿದ್ದಷ್ಟೇ ಅಲ್ಲ, ಒಂದು ಕಡೆ ಬ್ಲೇಡ್‌ನಿಂದ ಕೊಯ್ದ ಹಾಗೆ ಗೀರು ಇತ್ತು. ಬೋರ್ ಒಳಗೆ ಬೆರಳಾಡಿಸಿದಾಗ ಕಾರಣ ಸಿಕ್ಕಿತು. ಯು ಲಾಕ್ ಹೋಗುವ ಸೀಳಿನ ಅಂಚು ಚೂಪಾಗಿತ್ತು. ನಳಿಕೆಯನ್ನು ಒಳಗೆ ತಳ್ಳುವಾಗ ಉಂಗುರ ಆ ಸೀಳನ್ನು ದಾಟಿ ಹೋಗಬೇಕು. ದಾಟುವಾಗ ಅಂಚು ಅದನ್ನು ಗೀರುತ್ತಿತ್ತು. ಇದನ್ನು ಹಾಗೇ ಬಿಟ್ಟು ಹೊಸ ಉಂಗುರ ಹಾಕಿದ್ದರೆ ಅದೂ ಮೊದಲ ದಿನವೇ ಗಾಯಗೊಳ್ಳುತ್ತಿತ್ತು. ನುಣುಪಾದ ವಾಟರ್ ಪೇಪರ್‌ನಿಂದ ಆ ಅಂಚನ್ನಷ್ಟೇ ಮೆಲ್ಲಗೆ ಸವರಿದೆ. ಬೋರ್‌ನ ಒಳಮೈಗೆ ಪೇಪರ್ ತಾಗಿಸಬಾರದು. ಅಲ್ಲಿ ಬಿದ್ದ ಗೀರು ನೀರಿಗೆ ದಾರಿಯಾಗುತ್ತದೆ.

ನಳಿಕೆಯ ಮೇಲೆ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಕಟ್ಟಿತ್ತು. ಗ್ರೂವ್ ಒಳಗೂ ಇತ್ತು. ಇದು ರಬ್ಬರನ್ನು ಉಜ್ಜುಕಾಗದದ ಹಾಗೆ ತಿನ್ನುತ್ತದೆ. ಲಿಂಬೆ ರಸದಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ, ಪೂರ್ತಿ ಹೋಯಿತು. ನಳಿಕೆ ಹಿತ್ತಾಳೆಯದ್ದಾದರೆ ಹುಳಿಯಲ್ಲಿ ಜಾಸ್ತಿ ಹೊತ್ತು ಬಿಡಬಾರದು. ಇಲ್ಲಿ ಪ್ಲಾಸ್ಟಿಕ್, ಹಾಗಾಗಿ ಚಿಂತೆ ಇರಲಿಲ್ಲ. ಸುಣ್ಣ ತೆಗೆದ ಮೇಲೆ ಇನ್ನೊಮ್ಮೆ ಅಳೆದೆ. ಅದೇ ಅಳತೆ ಬಂತು. ಸುಣ್ಣ ದಪ್ಪಗೆ ಕಟ್ಟಿದ್ದರೆ ಅಳತೆ ಬದಲಾಗಿರುತ್ತದೆ, ಆದ್ದರಿಂದ ತೊಳೆದ ಮೇಲಿನ ಅಳತೆಯನ್ನೇ ನಂಬಬೇಕು.

ಹಳೆಯ ಉಂಗುರ ತೆಗೆಯಲು ಸ್ಕ್ರೂಡ್ರೈವರ್ ಬಳಸುವವರು ಬಹಳ. ಗ್ರೂವ್ ತಳಕ್ಕೆ ಗೀರು ಬೀಳುತ್ತದೆ. ಮರದ ಹಲ್ಲುಕಡ್ಡಿ ಸಾಕು. ಹೊಸದಕ್ಕೆ ತೆಳುವಾಗಿ ಗ್ರೀಸ್ ಸವರಿ, ಬೆರಳಿನಿಂದಲೇ ಏರಿಸಿದೆ. ಉಂಗುರದ ಮೈಮೇಲೆ ಅಚ್ಚಿನ ಸಣ್ಣ ಗೆರೆ ಇರುತ್ತದೆ. ಕೂತ ಮೇಲೆ ಆ ಗೆರೆ ಸುತ್ತಲೂ ಒಂದೇ ಕಡೆ ಕಾಣಬೇಕು. ಬಳ್ಳಿಯ ಹಾಗೆ ಸುತ್ತಿಕೊಂಡು ಹೋದರೆ ಉಂಗುರ ಹುರಿಗೊಂಡಿದೆ, ಬಿಡಿಸಿ ಮತ್ತೆ ಕೂರಿಸಬೇಕು. ಎರಡನ್ನೂ ಒಟ್ಟಿಗೇ ಬದಲಿಸಿದೆ. ಒಂದು ಹೊಸದು ಒಂದು ಹಳೆಯದು ಇಟ್ಟರೆ ಭಾರವೆಲ್ಲ ಒಂದೇ ಉಂಗುರ ಹೊರುತ್ತದೆ. ಬೋರ್ ಒಳಗೂ ಗ್ರೀಸ್ ಸವರಿ, ಸ್ವಲ್ಪ ತಿರುಗಿಸುತ್ತಾ ತಳ್ಳಿದೆ. ಸೀಳನ್ನು ದಾಟುವಾಗ ಎಲ್ಲೂ ಕಚ್ಚಲಿಲ್ಲ.

ಮತ್ತೆ ಸೀಮೆಸುಣ್ಣ. ಮೊದಲು ಟ್ಯಾಂಕ್ ನೀರು, ಆಮೇಲೆ ಪಂಪ್, ಗನ್ ಮುಚ್ಚಿ. ಒಣ. ಪೈಪ್ ಪೂರ್ತಿ ಬಿಚ್ಚಿ, ಪೂರ್ತಿ ಸುತ್ತಿದ್ದೂ ಆಯಿತು. ಸೀಮೆಸುಣ್ಣ ಬಿಳಿಯಾಗೇ ಉಳಿಯಿತು. ಹಿಡಿಕೆಯನ್ನು ಅಕ್ಕೋರ ಕೈಗೇ ಕೊಟ್ಟೆ. ಒಂದೇ ಕೈಯಲ್ಲಿ ಸುತ್ತಿ ಮುಗಿಸಿದರು. "ಹೊಸಾದಿದ್ದಾಗ ಹಿಂಗ ಇತ್ ನೋಡು ತಮ್ಮಾ" ಅಂದರು.

ಆಮೇಲೆ

ಅಕ್ಕೋರಿಗೆ ಒಂದು ಅಭ್ಯಾಸ ಮಾತ್ರ ಬದಲಿಸಲು ಹೇಳಿದೆ. ನೀರು ಹಾಕಿ ಮುಗಿದ ಮೇಲೆ ಅವರು ಗನ್ ಬಿಟ್ಟು ಒಳಗೆ ಹೋಗುತ್ತಿದ್ದರು, ನಳ ತೆರೆದೇ ಇರುತ್ತಿತ್ತು. ಆಗ ಇಡೀ ದಿನ ಉಂಗುರದ ಮೇಲೆ ಒತ್ತಡ. ಬರೀ ನಳ ಬಂದ್ ಮಾಡಿ ಗನ್ ಒತ್ತದೇ ಬಿಟ್ಟರೂ, ಮಧ್ಯಾಹ್ನದ ಬಿಸಿಲಿಗೆ ಪೈಪ್ ಒಳಗೆ ಸಿಕ್ಕಿಬಿದ್ದ ನೀರು ಕಾದು ಹಿಗ್ಗುತ್ತದೆ, ಒತ್ತಡ ಏರುತ್ತದೆ. ಈಗ ಮೊದಲು ನಳ ಬಂದ್ ಮಾಡಿ, ಆಮೇಲೆ ಗನ್ ಒತ್ತಿ ಉಳಿದ ನೀರನ್ನು ದಾಸವಾಳದ ಬುಡಕ್ಕೆ ಬಿಡುತ್ತಾರೆ.

ಬೇಸಿಗೆ ಕಳೆದ ಮೇಲೆ ತಿರುಗುಕೀಲನ್ನು ಬಿಚ್ಚಿ ನೋಡಿದೆ. ಉಂಗುರಗಳಲ್ಲಿ ಗೀರು ಇರಲಿಲ್ಲ, ಅಚ್ಚಿನ ಗೆರೆ ನೆಟ್ಟಗಿತ್ತು. ವರ್ನಿಯರ್ ಇಟ್ಟರೆ ದಪ್ಪ ಎರಡೂ ದಿಕ್ಕಿನಲ್ಲಿ ಹೆಚ್ಚುಕಮ್ಮಿ ಒಂದೇ ಬಂತು. ಗ್ರೂವ್‌ನಲ್ಲಿ ಮತ್ತೆ ತೆಳುವಾಗಿ ಸುಣ್ಣ ಕಟ್ಟಲು ಶುರುವಾಗಿತ್ತು, ಅದನ್ನು ಒರೆಸಿ ಹೊಸ ಗ್ರೀಸ್ ಹಚ್ಚಿ ಹಾಕಿದೆ. ಬೋರ್‌ವೆಲ್ ನೀರು ಬಳಸುವವರು ವರ್ಷಕ್ಕೊಮ್ಮೆ ಇಷ್ಟು ಮಾಡಬೇಕಾಗುತ್ತದೆ. ಎತ್ತಿಟ್ಟ ಎರಡು ಉಂಗುರಗಳನ್ನು ಅಕ್ಕೋರು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬಿಸಿಲು ತಾಗದ ಕಡೆ ಇಟ್ಟಿದ್ದಾರೆ. ಮೇಲೆ ಅವರದೇ ದುಂಡನೆಯ ಅಕ್ಷರದಲ್ಲಿ "ಪಿ 14, ನೈಟ್ರೈಲ್, 70" ಅಂತ ಬರೆದಿದೆ. ಪ್ಲಂಬರ್ ಅದನ್ನು ನೋಡಿ, ಅಂಗಡಿ ಎಲ್ಲಿ ಬರುತ್ತದೆ ಅಂತ ಕೇಳಿಕೊಂಡು ಹೋದ. ಅವನ ಗಿರಾಕಿಗಳ ಮನೆಯಲ್ಲಿ ಇಂಥವೇ ಇನ್ನೂ ಕೆಲವು ರೀಲ್‌ಗಳು ಸೋರುತ್ತಿವೆಯಂತೆ.